ಇಂಡಿಯಾಕಿ, ಬಾಗೇವಾಡಿಯಾಕಿ

ಇಂಗ್ಲಿಷ್ ಅಕ್ಷರಗಳಲ್ಲಿ ಇಂಡಿ ಎಂದು ಬರೆದು ಒತ್ತಿದರೆ ಕಂಪ್ಯೂಟರು ತಾನಾಗಿ ಕೊನೆಗೊಂದು ಅಕ್ಷರ ಸೇರಿಸಿ ಇಡೀ ದೇಶವನ್ನೇ ತಂದು ಮುಂದೆ ಹಾಕುತ್ತದೆ. ನನಗೆ ಬೇಕಾದದ್ದು ವಿಜಯಪುರದಲ್ಲಿ ಬಸ್ಸು ಹತ್ತಿದರೆ ಒಂದೂವರೆ ತಾಸಿಗೆ ಮುಟ್ಟುವ ಊರು. ಲಿಂಬೆಹಣ್ಣಿಗೆ ಹೆಸರಾದ, ನಮ್ಮ ಆಯಿಯ ತವರಿನ ಸೀಮೆ. ಬರುವುದು ಕಾಶ್ಮೀರದಿಂದ ಕನ್ಯಾಕುಮಾರಿಯ ತನಕದ ಜನಗಣತಿ. ಸಿಂದಗಿಯನ್ನು ಹಳೆಯ ಪುಸ್ತಕಗಳು ಒಂದು ಬಗೆ ಬರೆಯುತ್ತವೆ, ಹೊಸವು ಇನ್ನೊಂದು ಬಗೆ. ಎರಡೆರಡು ಸಲ ಹುಡುಕಬೇಕು. ಬಾಗೇವಾಡಿ ಎಂದರೆ ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯೂ ಜೊತೆಗೆ ಬಂದು ನಿಲ್ಲುತ್ತದೆ. ತೊಂದರೆ ಕೊಡದೆ ಸಿಗುವುದು ಮುದ್ದೇಬಿಹಾಳ ಒಂದೇ. ನನ್ನವ್ವನ ತವರು ಅದು. ಆಕೆಯೂ ಹಾಗೆಯೇ, ಯಾರಿಗೂ ತೊಂದರೆ ಕೊಡದವಳು.

ಈ ಹುಡುಕಾಟಕ್ಕೆ ಹಚ್ಚಿದವಳು ನನ್ನ ಅಣ್ಣನ ಮಗಳು. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಬಾಡಿಗೆಗಿರುವ ಮನೆಯ ಯಜಮಾನಿ ಒಬ್ಬ ಮುದುಕಿ. ಒಂದು ಸಂಜೆ ಚಹಾಕ್ಕೆ ಕರೆದು ತನ್ನ ಅಜ್ಜನ ಮನೆಯ ಗಣತಿ ಹಾಳೆಯನ್ನು ತೋರಿಸಿದಳಂತೆ. 1921ರ ಜೂನ್ 19ರ ರಾತ್ರಿ ಆ ಮನೆಯಲ್ಲಿ ಇದ್ದವರ ಹೆಸರು, ವರ್ಷ ತಿಂಗಳು ಸಮೇತ ವಯಸ್ಸು, ಹುಟ್ಟಿದ ಊರು, ಮಾಡುವ ಉದ್ಯೋಗ, ಕೆಲಸ ಕೊಟ್ಟ ಧಣಿ, ಮನೆಗೆ ಎಷ್ಟು ಕೋಣೆ, ಎಲ್ಲವೂ ಅಜ್ಜನ ಸ್ವಂತ ಕೈಬರಹದಲ್ಲಿ. ಅಲ್ಲಿ ಇಂಥ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ಜನರಿಗೆ ತೆರೆಯುತ್ತಾರೆ. 1921ರವು 2022ರ ಜನವರಿಯಲ್ಲಿ ತೆರೆದವು. ಅಮೆರಿಕದಲ್ಲಿ 72 ವರ್ಷದ ಲೆಕ್ಕ. ಆದರೆ ಆ ಮುದುಕಿಗೆ ತನ್ನ ಅಪ್ಪ ಅವ್ವ ಸಂಸಾರ ಹೂಡಿದ ಕಾಲದ ಹಾಳೆ ಎಂದೂ ಸಿಗುವುದಿಲ್ಲ, ಏಕೆಂದರೆ ಇಂಗ್ಲೆಂಡಿನ 1931ರ ಹಾಳೆಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಸುಟ್ಟುಹೋದವು. ಅದನ್ನು ಹೇಳುವಾಗ ಆಕೆಗೆ ಕಣ್ಣೀರು ಬಂತು ಎಂದು ನನ್ನ ಸೊಸೆ ಫೋನಿನಲ್ಲಿ ಹೇಳಿದಳು. ಮರುಗಳಿಗೆಗೆ, "ಅತ್ತಿ, ನಮ್ಮ ಮುತ್ಯಾನ ಮನೀದು ಹಿಂಗ ಒಂದು ಹಾಳಿ ಎಲ್ಲೆರೆ ಇದ್ದೀತೇನ? ಒಂದೀಟು ನೋಡು," ಎಂದಳು.

ನೋಡಿದೆ. ನಮ್ಮಲ್ಲಿ ಅಂಥ ಹಾಳೆ ಇಲ್ಲ. ಬ್ರಿಟಿಷರ ಕಾಲದಲ್ಲಿ ಮನೆಮನೆಗೆ ಹೋಗಿ ಬರೆದ ಹಾಳೆಗಳನ್ನು ಲೆಕ್ಕ ತೆಗೆದ ಮೇಲೆ ಇಟ್ಟುಕೊಳ್ಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನವುಗಳಿಗೆ 1948ರ ಜನಗಣತಿ ಕಾಯ್ದೆಯ ಕಾವಲು ಇದೆ. ಅದರ 15ನೆಯ ಕಲಮಿನ ಪ್ರಕಾರ ಗಣತಿಯವರು ಬರೆದುಕೊಂಡದ್ದನ್ನು ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸುವಂತಿಲ್ಲ. ನೂರು ವರ್ಷದ ಗಡುವೂ ಇಲ್ಲ. ಉಳಿದಿರುವುದು ಅಚ್ಚಾದ ಸಂಪುಟಗಳು. 1872ರಿಂದ ಈಚಿನವು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಧರ್ಮಕ್ಕೆ ಸಿಗುತ್ತವೆ. ಪುಟ ತೆರೆದರೆ ಬರೀ ಅಂಕಿ. ಗಂಡಸರು ಇಷ್ಟು, ಹೆಂಗಸರು ಇಷ್ಟು, ಮನೆಗಳು ಇಷ್ಟು. ಒಂದೇ ಒಂದು ಹೆಸರಿಲ್ಲ.

ಸೊಸೆಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಆ ಪುಟಗಳನ್ನು ನಾನು ಮುಚ್ಚಲಾರದೆ ಹೋದೆ. ಹುಡುಕುವ ದಾರಿಯೇ ಒಂದು ಕಥೆ. 1881ರ ಗಣತಿಯಲ್ಲಿ ಬಿಜಾಪುರ ಜಿಲ್ಲೆ ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ಅದು ಕಲಾದಗಿ ಜಿಲ್ಲೆ. ಕಚೇರಿ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. 1947ರ ತನಕದ್ದನ್ನು ಮುಂಬಯಿ ಪ್ರಾಂತದ ಕಪಾಟಿನಲ್ಲಿ ನೋಡಬೇಕು, 1951ರದ್ದನ್ನು ಮುಂಬಯಿ ರಾಜ್ಯದಲ್ಲಿ, 1961 ಮತ್ತು 71ರವನ್ನು ಮೈಸೂರಿನಲ್ಲಿ, ಆಮೇಲಿನವನ್ನು ಕರ್ನಾಟಕದಲ್ಲಿ. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು, 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಈಚೆಗೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಪಾಲಾಗಿ ಹೊಸ ತಾಲ್ಲೂಕುಗಳಾದವು. ನಮ್ಮ ಮನೆಯವರು ಮಾತ್ರ ಭೀಮೆಯ ಈಚೆಯ ಅದೇ ಕರಿ ಎರೆಹೊಲದ ಮೇಲೆ, ಅದೇ ಬಿಳಿಜೋಳ ಬಿತ್ತಿಕೊಂಡು ಇದ್ದಲ್ಲಿಯೇ ಇದ್ದರು.

ಇದ್ದಲ್ಲಿಯೇ ಇದ್ದವರು ಗಂಡಸರು. ಹೆಂಗಸರು ಎಲ್ಲೆಲ್ಲಿಂದಲೋ ಬಂದವರು. ನಮ್ಮ ಕಡೆ ಸೊಸೆಯಾಗಿ ಬಂದವಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತವರೂರಿನ ಹೆಸರಿಗೆ ಆಕಿ ಎಂದು ಹಚ್ಚಿದರೆ ಆಯಿತು. ಅಪ್ಪನ ಆಯಿ ಬಾಗೇವಾಡಿಯಾಕಿ. ಅಪ್ಪನ ಅವ್ವ, ಅಂದರೆ ನಾನು ಕಂಡ ನಮ್ಮ ಆಯಿ, ಇಂಡಿಯಾಕಿ. ನನ್ನವ್ವ ಮುದ್ದೇಬಿಹಾಳದಾಕಿ. ಮದುವೆಯಾಗಿ ವಿಜಯಪುರಕ್ಕೆ ಬಂದ ನಾನು ಗಂಡನ ಮನೆಯಲ್ಲಿ ಸಿಂದಗಿಯಾಕಿ. ಖರೆ ಹೇಳಬೇಕೆಂದರೆ ಕರೆಯುತ್ತಿದ್ದದ್ದು ಹಳ್ಳಿಯ ಹೆಸರಿನಿಂದ. ತಾಲ್ಲೂಕಿನ ಹೆಸರು ಇಲ್ಲಿಯ ಬರವಣಿಗೆಗೆ ಸಾಕು ಎಂದು ಹಾಗೆ ಬರೆದಿದ್ದೇನೆ. ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಒಂದು ಮನೆಯ ಅಡುಗೆ ಕೋಣೆಗೆ ಬಂದು ಕೂಡಿದ್ದು ಹೀಗೆ. ಇವರಲ್ಲಿ ನನ್ನ ಹೆಸರು, ಅವ್ವನ ಹೆಸರು, ಆಯಿಯ ಹೆಸರು ಎಲ್ಲರಿಗೂ ಗೊತ್ತು. ಬಾಗೇವಾಡಿಯಾಕಿಯ ಹೆಸರು ಗೊತ್ತಿರುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಗಣತಿಯ ಹಾಳೆ ಉಳಿದಿದ್ದರೂ ಅದರಲ್ಲಿ ಆಕೆಯ ಹೆಸರು ಇರುತ್ತಿತ್ತೆಂದು ಹೇಳಲಾಗದು. ಆ ಕಾಲದಲ್ಲಿ ಎಣಿಸುವವರಿಗೆ ಕೊಟ್ಟ ಸೂಚನೆಗಳಲ್ಲಿ ಒಂದು ಮಾತಿದೆ. ಮನೆಯ ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಒತ್ತಾಯ ಮಾಡಬಾರದು, ಹೆಂಗಸು ಎಂದು ಬರೆದರೆ ಸಾಕು. ಇದನ್ನು ಓದಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಊರ ಕುಲಕರ್ಣಿಯೋ ಶಾಲೆ ಮಾಸ್ತರರೋ ಬಾಗಿಲಲ್ಲಿ ನಿಂತಿದ್ದಾರೆ, ಬಾಗಿಲ ಮೇಲೆ ಮನೆಯ ನಂಬರು ಬರೆದಾಗಿದೆ, ನಮ್ಮ ಮುತ್ಯಾನ ಅಪ್ಪ ಒಂದೊಂದೇ ಹೆಸರು ಹೇಳುತ್ತಿದ್ದಾನೆ, ಹೆಂಡತಿಯ ಸರದಿ ಬಂದಾಗ ತಲೆ ತಗ್ಗಿಸಿ ನಿಂತಿದ್ದಾನೆ. 1901ರಿಂದ ಇನ್ನೊಂದು ಕ್ರಮ ಬಂತು. ಹಾಳೆಯಲ್ಲಿದ್ದದ್ದನ್ನು ಒಬ್ಬೊಬ್ಬರಿಗೆ ಒಂದೊಂದು ಚೀಟಿಯಂತೆ ಇಳಿಸಿಕೊಂಡು, ಮತಕ್ಕೊಂದು ಬಣ್ಣದ ಚೀಟಿ ಮಾಡಿ, ಅವನ್ನು ವಿಂಗಡಿಸಿ ಎಣಿಸುತ್ತಿದ್ದರು. ಬಾಗೇವಾಡಿಯಾಕಿ ಆ ವರ್ಷ ಒಂದು ಬಣ್ಣದ ಚೀಟಿಯಾಗಿದ್ದಳು.

ಹೆಸರಿನ ಮಾತು ಬಂದಾಗ 1971ರ ಮಾರ್ಚ್ ತಿಂಗಳು ನೆನಪಾಗುತ್ತದೆ. ನಾನು ಸಣ್ಣವಳು. ನಮಗೆ ಕಲಿಸುವ ಮಾಸ್ತರರೇ ಗಣತಿಗೆ ಬಂದಿದ್ದರು. ಮುತ್ಯಾ ಮತ್ತು ಅಪ್ಪ ಹೊಲಕ್ಕೆ ಹೋಗಿದ್ದರು, ಪಡಸಾಲೆಯಲ್ಲಿ ಆಯಿ ಒಬ್ಬಳೇ ಜೋಳ ಹಸನು ಮಾಡುತ್ತ ಕೂತಿದ್ದಳು. "ಮನೀ ಯಜಮಾನರ ಹೆಸರು ಹೇಳ್ರಿ ಆಯೀ," ಎಂದರು ಮಾಸ್ತರರು. ಆಯಿ ಸೆರಗು ಮುಂದಕ್ಕೆಳೆದುಕೊಂಡಳು. ಗಂಡನ ಹೆಸರನ್ನು ಹಾಗೆ ಬಾಯಿಬಿಟ್ಟು ಹೇಳುವುದುಂಟೆ? "ನೀವ ಬರಕೋರಿ, ನಿಮಗ ಗೊತ್ತಿಲ್ಲೇನ?" ಎಂದಳು. "ಗೊತ್ತಿದ್ರೂ ನಿಮ್ಮ ಬಾಯಿಲೆ ಕೇಳಿ ಬರೀಬೇಕ್ರಿ, ಸರಕಾರಿ ಕೆಲಸ." ಆಗ ಆಯಿ ಮೊರ ಕೆಳಗಿಟ್ಟು, ಮೈ ನೆಟ್ಟಗೆ ಮಾಡಿಕೊಂಡು ಒಂದು ಒಡಪು ಹೇಳಿದಳು. ಮದುವೆಯಲ್ಲಿ, ಸೀಮಂತದಲ್ಲಿ ಹೇಳುವಂಥದ್ದು. ಮಲ್ಲಿಗೆ, ಮೊಸರ ಗಡಿಗೆ, ಇಂಡಿಯ ತೋಟ ಎಲ್ಲ ಬಂದು ಕೊನೆಯ ಸಾಲಿನಲ್ಲಿ ಮುತ್ಯಾನ ಹೆಸರು. ಮಾಸ್ತರರು ಪೆನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ವಯಸ್ಸು ಕೇಳಿದರು. "ಪ್ಲೇಗ ಬಂದು ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದಾಗ ನಾ ತೊಟ್ಟಲಾಗ ಇದ್ನೆಂತ, ಲೆಕ್ಕಾ ನೀವ ಹಾಕ್ರಿ," ಎಂದಳು. ಮಾಸ್ತರರು ಬೆರಳು ಮಡಿಚಿ ಎಣಿಸಿ ಅರವತ್ತೈದು ಬರೆದರು.

ಹಳೆಯ ಗಣತಿ ವರದಿಗಳನ್ನು ಬರೆದ ಅಧಿಕಾರಿಗಳು ಇದೇ ಮಾತಿಗೆ ಪುಟಗಟ್ಟಲೆ ಮಿಡುಕಿದ್ದಾರೆ. ಜನರಿಗೆ ತಮ್ಮ ವಯಸ್ಸು ಗೊತ್ತಿಲ್ಲ, ಎಲ್ಲರೂ ಮೂವತ್ತು, ನಲವತ್ತು, ಐವತ್ತು ಎನ್ನುತ್ತಾರೆ, ಮೂವತ್ತೊಂದು ಮೂವತ್ತೆರಡರ ಸಾಲುಗಳು ಬರಿದಾಗಿವೆ ಎಂದು. ನನಗೆ ಆಯಿಯ ಲೆಕ್ಕವೇ ಸರಿಯೆನಿಸುತ್ತದೆ. ಬರ, ಪ್ಲೇಗು, 1918ರ ಇನ್‌ಫ್ಲುಯೆಂಜಾ, ಹೊಳೆ ಊರೊಳಗೆ ಬಂದ ವರ್ಷ ಇವುಗಳಿಂದ ಅಳೆದ ಆಯುಷ್ಯದಲ್ಲಿ ಅದನ್ನು ದಾಟಿ ಬಂದದ್ದೂ ಸೇರಿರುತ್ತದೆ.

ಒಂದು ಕೋಷ್ಟಕವಿದೆ, ಹಳೆಯ ಎಲ್ಲ ಗಣತಿಗಳಲ್ಲೂ. ಬುದ್ಧಿಭ್ರಮಣೆಯಾದವರು, ಕಿವಿ ಬಾಯಿ ಬಾರದವರು, ಕಣ್ಣಿಲ್ಲದವರು, ಕುಷ್ಠವಾದವರು ಎಂದು ನಾಲ್ಕು ಭಾಗ. ನಮ್ಮ ಮುತ್ಯಾನಿಗೆ ಕಣ್ಣಿಲ್ಲದ ಒಬ್ಬ ಕಾಕಾ ಇದ್ದನಂತೆ. ಮೈಲಿ ಬೇನೆಯಲ್ಲಿ ಕಣ್ಣು ಹೋದವು. ಪುಂಡಿನಾರಿನ ಹಗ್ಗ ಹೊಸೆಯುವುದರಲ್ಲಿ ಅವನ ಕೈ ಹಿಡಿಯುವವರು ಇರಲಿಲ್ಲ. ಅವನು ಹೊಸೆದ ಬಾವಿಹಗ್ಗವನ್ನು ಅಪ್ಪ ಕಂಡಿದ್ದ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಆಸ್ತಿ ಕಾಗದದಲ್ಲಿ ಅವನ ಸುಳಿವಿಲ್ಲ. ಆದರೆ ಜಿಲ್ಲೆಯ ಕಣ್ಣಿಲ್ಲದ ಗಂಡಸರ ಸಂಖ್ಯೆಯಲ್ಲಿ ಒಂದು ಅವನದು. ಆ ಒಂದನ್ನು ತೆಗೆದರೆ ಮೊತ್ತ ತಪ್ಪುತ್ತದೆ. ಅಂಕಿಗಳನ್ನು ನಾನು ಪ್ರೀತಿಯಿಂದ ನೋಡತೊಡಗಿದ್ದು ಅಲ್ಲಿಂದ.

ಬಾಗೇವಾಡಿಯಾಕಿಯನ್ನು ಹುಡುಕಲು ಶುರುಮಾಡಿದ್ದೂ ಹಾಗೆಯೇ. ಹೆಸರಿಲ್ಲದಿದ್ದರೆ ಏನಾಯಿತು, ಇಂಥ ರಾತ್ರಿ ಇಂಥ ತಾಲ್ಲೂಕಿನ ಹೆಂಗಸರ ಸಾಲಿನಲ್ಲಿ ಆಕೆ ಇದ್ದಳು ಎನ್ನಬಹುದಲ್ಲ. ಆಯಿ ತನ್ನ ಅತ್ತೆಯ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು, ಮತ್ತೆ ಮತ್ತೆ. "ದೊಡ್ಡ ಬರದಾಗ ಕಂಕುಳ ಕೂಸಾಗಿ ಉಳದಾಕಿ ಅಕಿ. ಅಕಿ ಮುಂದ ಹುಟ್ಟಿದವು ಎರಡು, ಹಿಂದ ಹುಟ್ಟಿದ್ದೊಂದು, ಮೂರೂ ಹೋದವು. ಅದಕ್ಕ ಅಕಿ ಒಂದು ಕಾಳೂ ನೆಲಕ್ಕ ಬೀಳಗೊಡತಿದ್ದಿಲ್ಲ." ಹಿಟ್ಟಿನ ಡಬ್ಬಿಯ ಮೂಲೆಯನ್ನು ಬೆರಳಿನಿಂದ ಒರೆಸಿ ತೆಗೆಯುವ ಅಭ್ಯಾಸ ಆಕೆಯಿಂದ ಆಯಿಗೆ, ಆಯಿಯಿಂದ ಅವ್ವನಿಗೆ ಬಂದಿತ್ತು. ನನಗೂ ಇದೆ. ದೊಡ್ಡ ಬರ ಎಂದರೆ 1876ರಿಂದ 78ರದ್ದು. ಮುಂಗಾರೂ ಹಿಂಗಾರೂ ಕೈಕೊಟ್ಟ ವರ್ಷಗಳು.

ಆ ಬರದ ಈಚೆ ಆಚೆ ಎರಡು ಗಣತಿಗಳಿವೆ. 1872ರ ಫೆಬ್ರುವರಿ 21ರಂದು ಕಲಾದಗಿ ಜಿಲ್ಲೆಯಲ್ಲಿ 8 ಲಕ್ಷ 16 ಸಾವಿರ ಜನ. 1881ರ ಫೆಬ್ರುವರಿ 17ರಂದು 6 ಲಕ್ಷ 38 ಸಾವಿರ. ಮುಂಬಯಿ ಇಲಾಖೆಯ ಆ ಗಣತಿಯನ್ನು ನೋಡಿಕೊಂಡವನು ಬೇನ್ಸ್ ಎಂಬ ಅಧಿಕಾರಿ. ಅವನ ಕೋಷ್ಟಕಗಳನ್ನು ನೋಡಿ, 1884ರಲ್ಲಿ ಅಚ್ಚಾದ ಮುಂಬಯಿ ಗೆಜೆಟಿಯರಿನ 23ನೆಯ ಸಂಪುಟವನ್ನೂ ನೋಡಿದೆ. ಎರಡು ಸಂಖ್ಯೆಗಳ ನಡುವಿನ ಅಂತರ ಒಂದು ಲಕ್ಷ ಎಪ್ಪತ್ತೆಂಟು ಸಾವಿರ. ಒಂಬತ್ತು ವರ್ಷದಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಹೋದರು. ಎಲ್ಲರೂ ಸತ್ತರೆಂದಲ್ಲ, ಎಷ್ಟೋ ಮಂದಿ ಗಂಟುಮೂಟೆ ಕಟ್ಟಿ ಗಡಿ ದಾಟಿ ಮೊಗಲಾಯಿಗೆ, ಅಂದರೆ ನಿಜಾಮನ ಸೀಮೆಗೆ ಹೋದರು. ಸಿಂದಗಿ, ಮುದ್ದೇಬಿಹಾಳದ ಮಗ್ಗುಲಿಗೇ ಇತ್ತು ಆ ಗಡಿ. ಕೆಲವರು ಮರಳಿದರು, ಕೆಲವರು ಅಲ್ಲಿಯೇ ಬೇರು ಬಿಟ್ಟರು. ಕಲಬುರ್ಗಿ ಕಡೆ, ರಾಯಚೂರು ಕಡೆ ಬಾಗೇವಾಡಿ ಎಂದೋ ಇಂಡಿ ಎಂದೋ ಅಡ್ಡಹೆಸರಿನವರು ಸಿಕ್ಕರೆ ನಾನು ಈಗ ಕೇಳುತ್ತೇನೆ, ನಿಮ್ಮ ಹಿರಿಯರು ಬಂದದ್ದು ಯಾವ ಬರದಲ್ಲಿ ಎಂದು.

1881ರ ಆ 6 ಲಕ್ಷ 38 ಸಾವಿರದಲ್ಲಿ ಬಾಗೇವಾಡಿ ತಾಲ್ಲೂಕಿನ ಐದು ವರ್ಷದ ಒಂದು ಹುಡುಗಿ ಇದ್ದಾಳೆ. ನನಗೆ ಬೇಕಾದ ಮನೆತನದ ಇತಿಹಾಸ ಅಷ್ಟೇ ಇದ್ದರೂ ಸಾಕು. ಆ ಸಂಖ್ಯೆಯೊಳಗೆ ಆಕೆ ಇರದಿದ್ದರೆ ನಮ್ಮ ಮುತ್ಯಾ ಇಲ್ಲ, ಅಪ್ಪ ಇಲ್ಲ, ಇಂಗ್ಲೆಂಡಿನಲ್ಲಿ ಕೂತು ಹಾಳೆ ಕೇಳುವ ಸೊಸೆ ಇಲ್ಲ. ಬರದಲ್ಲಿ ಕೂಸನ್ನು ಬದುಕಿಸಿದವಳು ಆಕೆಯ ಅವ್ವ. ಆಕೆಯ ಹೆಸರಿರಲಿ, ಆಕೆ ಯಾವ ಊರಾಕಿ ಎಂಬುದೂ ನಮಗೆ ಬಂದು ಮುಟ್ಟಿಲ್ಲ.

1891ರ ಹೊತ್ತಿಗೆ ಜಿಲ್ಲೆಯ ಜನ 7 ಲಕ್ಷ 96 ಸಾವಿರಕ್ಕೆ ಏರಿದರು. ಆಕೆಗೆ ಹದಿನೈದು, ಮದುವೆಯಾಗಿ ಸಿಂದಗಿ ತಾಲ್ಲೂಕಿನ ಲೆಕ್ಕಕ್ಕೆ ಬಂದಿದ್ದಾಳೆ. ನಡುವೆ, 1884ರಲ್ಲಿ, ಹೋಟಗಿಯಿಂದ ಗದಗಿನ ತನಕ ರೈಲು ಬಂದಿತ್ತು. ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಪಟ್ಟ ಪಾಡಿನಿಂದ ಹುಟ್ಟಿದ ಹಳಿ ಅದು. ಇಂಡಿ ರೋಡ್ ಸ್ಟೇಷನ್ನು ಆ ಹಳಿಯ ಮೇಲಿನದು. 1901ಕ್ಕೆ ಮತ್ತೆ ಇಳಿದು 7 ಲಕ್ಷ 35 ಸಾವಿರ. ಇನ್ನೊಂದು ಬರ, ಜೊತೆಗೆ ಪ್ಲೇಗು. ಆಕೆ ಎರಡನೆಯ ಸಲವೂ ಉಳಿದಳು. ಈ ಸಲ ಆಕೆಯ ಕಂಕುಳಲ್ಲಿ ನಮ್ಮ ಮುತ್ಯಾ ಇದ್ದ.

ಗಣತಿಯನ್ನು ಆಗ ಇಡೀ ದೇಶದಲ್ಲಿ ಒಂದೇ ರಾತ್ರಿ ಮಾಡುತ್ತಿದ್ದರು. ಮೊದಲೇ ಬರೆದಿಟ್ಟುಕೊಂಡ ಹಾಳೆ ಹಿಡಿದು ಆ ರಾತ್ರಿ ಮನೆಮನೆಗೆ ಹೋಗಿ ಸತ್ತವರನ್ನು ಹೊಡೆದುಹಾಕಿ, ಹುಟ್ಟಿದವರನ್ನು, ಬಂದ ಬೀಗರನ್ನು ಸೇರಿಸಬೇಕು. ಗುಡಿಯ ಕಟ್ಟೆಯಲ್ಲಿ ಮಲಗಿದ ದಾರಿಹೋಕರನ್ನೂ ಬಿಡುವಂತಿಲ್ಲ. ಕಂದೀಲು ಎಲ್ಲರಿಗೂ ಎಲ್ಲಿಂದ ಬರಬೇಕು? ಅದಕ್ಕೆ ಬೆಳದಿಂಗಳಿರುವ ತಿಥಿ ನೋಡಿ ದಿನ ಇಡುತ್ತಿದ್ದರು. ನಾನು ಹಿಂದಕ್ಕೆ ಲೆಕ್ಕ ಹಾಕಿ ನೋಡಿದೆ. 1901ರ ಮಾರ್ಚ್ 1, 1911ರ ಮಾರ್ಚ್ 10, 1921ರ ಮಾರ್ಚ್ 18, 1931ರ ಫೆಬ್ರುವರಿ 26, ನಾಲ್ಕೂ ಶುಕ್ಲಪಕ್ಷದವು, ಹುಣ್ಣಿಮೆಗೆ ನಾಲ್ಕಾರು ದಿನ ಇರುವಾಗಿನವು. ಹೊತ್ತು ಮುಳುಗುವಾಗಲೇ ಚಂದ್ರ ಮೇಲಿರುತ್ತಾನೆ. ಜೋಳದ ಸುಗ್ಗಿಯ ದಿನಗಳು ಬೇರೆ. ಗಂಡಸರು ಕಣದಲ್ಲಿ ಮಲಗಿರುತ್ತಾರೆ, ಎಣಿಸುವವರು ಕಣಕ್ಕೇ ಹೋಗಿರಬೇಕು. 1931ರದ್ದು ಬಾಗೇವಾಡಿಯಾಕಿಯ ಕೊನೆಯ ಗಣತಿ. ನನ್ನಪ್ಪನಿಗೆ ಅದು ಮೊದಲನೆಯದು, ಆಗ ವರ್ಷದ ಕೂಸು. ಅಜ್ಜಿ ಮೊಮ್ಮಗ ಒಂದೇ ಲೆಕ್ಕದಲ್ಲಿ ಇದ್ದದ್ದು ಆ ಒಂದು ರಾತ್ರಿ.

ಹೆಸರು ಬೇಕೆನ್ನುವವರಿಗೆ ನಮ್ಮ ನಾಡಿನಲ್ಲಿ ಬೇರೆ ದಾರಿಗಳಿವೆ. ಹರಿದ್ವಾರದ ಪಂಡಾಗಳ ಬಹಿಗಳಲ್ಲಿ ತಲೆಮಾರುಗಟ್ಟಲೆ ಯಾತ್ರಿಕರ ಹೆಸರುಗಳಿವೆ, ಅವುಗಳ ಚಿತ್ರ ತೆಗೆದು ಅಂತರಜಾಲಕ್ಕೂ ಏರಿಸಿದ್ದಾರೆ. ಆದರೆ ನಮ್ಮ ಮಂದಿ ಹರಿದ್ವಾರಕ್ಕೆ ಹೋದವರಲ್ಲ, ಹೋದರೆ ಪಂಢರಪುರ, ಶ್ರೀಶೈಲ. ನಮಗೆ ಇರುವವರು ಹೆಳವರು. ಸಿಂಗಾರ ಮಾಡಿದ ಎತ್ತಿನ ಜೊತೆ ಸುಗ್ಗಿಯ ಹೊತ್ತಿಗೆ ಊರಿಗೆ ಬರುತ್ತಾರೆ. ಯಾವ ಮನೆ ಯಾವ ಹೆಳವನದು ಎಂಬುದು ಅವರಲ್ಲಿ ಹಿಂದಿನಿಂದ ಹಂಚಿಕೆಯಾಗಿದೆ. ಕಟ್ಟೆಯ ಮೇಲೆ ಕೂತು, ಹೊತ್ತಿಗೆ ಬಿಚ್ಚಿ, ಮೂಲ ಯಾವ ಊರಿನವರು, ಅಲ್ಲಿಂದ ಯಾಕೆ ಬಂದರು, ಬೆಡಗು ಯಾವುದು, ಮನೆದೇವರು ಯಾರು ಎಂಬಲ್ಲಿಂದ ಹಿಡಿದು ಇವತ್ತು ತೊಟ್ಟಿಲಲ್ಲಿರುವ ಕೂಸಿನ ತನಕ ಏರುದನಿಯಲ್ಲಿ ಓದುತ್ತಾರೆ. ಮನೆಯವರು ಜೋಳ, ಬಟ್ಟೆ, ರೊಕ್ಕ ಕೊಡುತ್ತಾರೆ. ಅನುಕೂಲ ಇದ್ದವರು ಹಿಂದೆ ಆಕಳು ಕರುವನ್ನೇ ಕೊಡುತ್ತಿದ್ದರಂತೆ. ಸಣ್ಣವರಿದ್ದಾಗ ನಾವು ಎತ್ತಿನ ಗೆಜ್ಜೆ ಕೇಳಿದರೆ ಓಡುತ್ತಿದ್ದೆವು. ನನ್ನ ಹೆಸರು ಯಾವಾಗ ಬರುತ್ತದೆ ಎಂದು ಕಾಯುತ್ತ ಕೂರುತ್ತಿದ್ದೆ. ಅಣ್ಣನ ಹೆಸರು ಬರುತ್ತಿತ್ತು, ತಮ್ಮನದು ಬರುತ್ತಿತ್ತು, ಹೊತ್ತಿಗೆ ಮುಚ್ಚುತ್ತಿತ್ತು.

ಈ ಸಲ ಹೆಳವರು ಬಂದಾರೆಂದು ಅಣ್ಣ ಫೋನು ಮಾಡಿದ ಕೂಡಲೇ ಊರಿಗೆ ಹೋದೆ. ಬಂದವನು ನಾವು ಸಣ್ಣವರಿದ್ದಾಗ ಬರುತ್ತಿದ್ದವನ ಮೊಮ್ಮಗ. ಹಳೆಯ ಹೊತ್ತಿಗೆಯ ಜೊತೆ ರಟ್ಟಿನ ದೊಡ್ಡ ವಹಿ ಇಟ್ಟುಕೊಂಡಿದ್ದ. ಓದಿದ. ಹನ್ನೊಂದು ತಲೆ, ಇವನ ಮಗ ಇವನು, ಇವನ ಮಗ ಇವನು. ಕಣ್ಣಿಲ್ಲದ ಕಾಕಾನ ಹೆಸರು ಅದರಲ್ಲಿ ಇತ್ತು! ಅಣ್ಣನೂ ನಾನೂ ಮುಖ ಮುಖ ನೋಡಿಕೊಂಡೆವು. ಆಮೇಲೆ ಕೇಳಿದೆ, "ತಮ್ಮಾ, ಹೆಣ್ಣಮಕ್ಕಳ ಹೆಸರ ಯಾಕ ಇಲ್ಲ ಇದರಾಗ?"

ಆತ ತಡೆದು ಹೇಳಿದ, "ನಮ್ಮ ಹಿರ್‍ಯಾರು ಹೆಂಗ ಬರದಿಟ್ಟಾರ, ಹಂಗ ನಾವು ಓದಿಕೋತ ಬಂದೀವ್ರಿ ಅಕ್ಕಾರ. ಹೆಣ್ಣು ಇನ್ನೊಂದು ಮನಿಗೆ ಹೋಗತಾಳ. ಬಂದ ಸೊಸಿ ಇನ್ನೊಂದು ಮನೀದಾಕಿ. ಆ ಮನಿ ಹೆಳವ ಬ್ಯಾರೆ."

ಬಸವಣ್ಣನ ಊರಿನ ಸೀಮೆಯಿಂದ ಬಂದವಳ ಹೆಸರು ನಮಗಿಲ್ಲ ಎಂಬುದು ಅಂದು ರಾತ್ರಿ ಬಹಳ ಕಾಡಿತು. ಬಸವಣ್ಣನ ತಾಯಿ ಮಾದಲಾಂಬಿಕೆ ಎಂದು ನಮ್ಮ ಕಡೆಯ ಸಣ್ಣ ಹುಡುಗರಿಗೂ ಗೊತ್ತು. ಆಕೆಯ ತವರು ಇಂಗಳೇಶ್ವರ ಎಂಬುದು ಗೊತ್ತು. ಅಕ್ಕ ನಾಗಮ್ಮ ಗೊತ್ತು, ಹೆಂಡಂದಿರಾದ ಗಂಗಾಂಬಿಕೆ, ನೀಲಾಂಬಿಕೆ ಗೊತ್ತು. ಎಂಟುನೂರು ವರ್ಷದಿಂದ ಜನ ಆ ಹೆಸರುಗಳನ್ನು ತೊಟ್ಟಿಲಿಗೆ ಇಟ್ಟು, ಹಾಡಿಗೆ ಕಟ್ಟಿ ಕಾಪಾಡಿದ್ದಾರೆ. ಬಾಗೇವಾಡಿಯಾಕಿಯ ಹೆಸರೂ ಅವುಗಳಲ್ಲೇ ಒಂದಿದ್ದೀತು. ಆ ಸೀಮೆಯಲ್ಲಿ ಅವುಗಳಿಲ್ಲದ ಮನೆಯಿಲ್ಲ.

ಹೊಲದ ಕಾಗದಗಳನ್ನೂ ನೋಡಿದೆ. ಅಪ್ಪ ತೀರಿಕೊಂಡಾಗ ವಾರಸಾ ಹಚ್ಚಲು ತಲಾಟಿಯವರು ಪಂಚರ ಮುಂದೆ ವಂಶಾವಳಿ ಬರೆದಿದ್ದರು. ಅದರಲ್ಲಿ ಅವ್ವನ ಹೆಸರಿದೆ, ನನ್ನ ಹೆಸರಿದೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಆದ ಮೇಲಿನ ಕಾಗದ. ಅದಕ್ಕಿಂತ ಹಿಂದಿನ ಕೈಬರಹದ ದಾಖಲೆಗಳಲ್ಲಿ ಹೆಂಗಸರ ಹೆಸರು ಕಾಣುವುದು ಗಂಡ ಸತ್ತು ಸಣ್ಣ ಮಕ್ಕಳ ಪಾಲಕಿಯಾದಾಗ, ಇಲ್ಲವೇ ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದಾಗ. ಬಾಗೇವಾಡಿಯಾಕಿಗೆ ಎರಡೂ ಒದಗಲಿಲ್ಲ. ಗಂಡ ಇರುವಾಗಲೇ ಮುತ್ತೈದೆಯಾಗಿ ಹೋದಳು. ಪುಣ್ಯವಂತೆ ಎಂದು ಊರೆಲ್ಲ ಹೊಗಳಿದ ಆ ಸಾವೇ ಆಕೆಯ ಹೆಸರನ್ನು ಕಾಗದದಿಂದ ದೂರ ಇಟ್ಟಿತು.

ಗಣತಿಯ ಊರಪಟ್ಟಿಗಳಲ್ಲಿ ಕೆಲವು ಊರುಗಳ ಮುಂದೆ ಜನಸಂಖ್ಯೆಯ ಅಂಕಿ ಇರುವುದಿಲ್ಲ. ಹೊಲ ಇದೆ, ಹೆಸರಿದೆ, ಮನೆಯಿಲ್ಲ. ಬೇಚಿರಾಕ್ ಊರುಗಳು. ಯಾವುದೋ ಬರದಲ್ಲೋ ಬೇನೆಯಲ್ಲೋ ದೀಪ ಹಚ್ಚುವವರಿಲ್ಲದೆ ಹಾಳುಬಿದ್ದಂಥವು. ಬಾಗೇವಾಡಿಯ ಕಡೆ ಇನ್ನೊಂದು ಬಗೆಯವಿವೆ. 1964ರ ಮೇ 22ರಂದು ಲಾಲ್‌ಬಹಾದುರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ನೀರು ನಿಂತಾಗ ಕೃಷ್ಣೆಯ ದಂಡೆಯ ಊರುಗಳು ಮುಳುಗಿ ಮೇಲೆ ಬೇರೆ ಕಡೆ ಕಟ್ಟಿಕೊಂಡವು. ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಹೋಯಿತು. ಬಾಗೇವಾಡಿಯಾಕಿಯ ತವರೂರು ಪೂರ್ತಿ ಮುಳುಗಿದ್ದಲ್ಲ, ಅರ್ಧ ಊರು ದಿನ್ನೆ ಏರಿ ಪ್ಲಾಟುಗಳಿಗೆ ಹೋಗಿದೆ. ಆಕೆಯ ಅಣ್ಣತಮ್ಮಂದಿರ ಮನೆತನದವರು ಅಲ್ಲಿದ್ದಾರೆಂದು ಕೇಳಿ ಗೊತ್ತು. ಮದುವೆ ಮುಂಜಿಗೆ ಹೋಗಿ ಬರುವ ಬಳಕೆ ಮುತ್ಯಾನ ಕಾಲಕ್ಕೇ ನಿಂತುಹೋಗಿತ್ತು.

ಮುಂದಿನ ಗಣತಿ 2027ರಲ್ಲಿ ಆಗಲಿದೆ. ಮೊಬೈಲಿನಲ್ಲಿ ನಾವೇ ತುಂಬಲೂಬಹುದಂತೆ. ಸೊಸೆ ಅದಕ್ಕೆ ಕಾಯಲಿಲ್ಲ. ತನ್ನದೇ ಒಂದು ಪಟ್ಟಿ ಮಾಡಿ ನನಗೂ, ಮುದ್ದೇಬಿಹಾಳದ ಮಾಮಾನ ಮಕ್ಕಳಿಗೂ, ಇಂಡಿಯ ಬೀಗರಿಗೂ ಕಳಿಸಿದ್ದಾಳೆ. ಮನೆಗೆ ಬಂದ ಸೊಸೆಯಂದಿರು, ಮನೆಯಿಂದ ಹೋದ ಹೆಣ್ಣುಮಕ್ಕಳು, ಅವರ ತವರು, ಅವರ ಅವ್ವಂದಿರು. ಸಂಜೆ ಸಂಜೆ ಒಬ್ಬೊಬ್ಬರ ಫೋನು ಬರುತ್ತದೆ. ಮಾಮಾನ ಮಗಳು ಏಳು ಹೆಸರು ಕೊಟ್ಟಳು, ಅದರಲ್ಲಿ ಎರಡು ನಮ್ಮವ್ವನಿಗೂ ಗೊತ್ತಿರಲಿಲ್ಲ. ಇಂಡಿಯ ಕಡೆಯಿಂದ ಆಯಿಯ ಅವ್ವನ ಹೆಸರು ಬಂತು. ಅದು ನನ್ನ ತಂಗಿಯ ಹೆಸರೇ. ಆಯಿ ಆ ಹೆಸರು ಯಾಕೆ ಹಟ ಹಿಡಿದು ಇಡಿಸಿದ್ದಳೆಂದು ಅವತ್ತು ತಿಳಿಯಿತು.

ಹೆಳವ ಹೊರಡುವ ಮುನ್ನ ಅಣ್ಣ ಒಂದು ಚೀಲ ಜೋಳ ಹಾಕಿಸಿದ. ನಾನು ಸೀರೆ ಕೊಟ್ಟೆ, ಅವನ ಹೆಂಡತಿಗೆಂದು. ಎತ್ತಿಗೆ ನೀರು ಕುಡಿಸುತ್ತ ಅವನೇ ಮಾತು ತೆಗೆದ. "ಅಕ್ಕಾರ, ನೀವು ಕೇಳಿದ್ದು ತಲ್ಯಾಗ ಉಳದದ. ಬಾಗೇವಾಡಿ ಕಡಿ ಊರುಗಳು ನಮ್ಮ ದೊಡ್ಡಪ್ಪನ ಮಕ್ಕಳ ಪಾಲಿಗೆ ಅದಾವ. ಅವರ ಹಳೇ ವಹಿಯೊಳಗ ಯಾವ ಮಗಳನ್ನ ಯಾವ ಊರಿಗೆ ಕೊಟ್ರು ಅಂತ ಅಲ್ಲಲ್ಲಿ ಗುರುತ ಹಾಕಿದ್ದು ನಾ ನೋಡೀನಿ. ನಿಮ್ಮ ಊರಿನ ಹೆಸರ ಮುಂದ ಅಕಿ ಹೆಸರ ಇದ್ರೂ ಇದ್ದೀತು. ಹಿಂಗಾರಿ ರಾಶಿ ಮುಗದ ಮ್ಯಾಲ ಅವರು ಆ ಊರಿಗೆ ಹೋಗತಾರ." ನಂಬರು ಬರೆದುಕೊಂಡೆ. ಅವರು ಹೋಗುವ ವಾರ ತಿಳಿಸುತ್ತೇವೆಂದಿದ್ದಾರೆ. ಅಣ್ಣನೂ ನಾನೂ ಬಾಗೇವಾಡಿಗೆ ಹೋಗಿ, ಅಲ್ಲಿಂದ ಆ ಊರಿಗೆ ಹೋಗುವುದೆಂದು ಆಗಿದೆ. ಬರಿಗೈಯಲ್ಲಿ ಹೋಗುವುದು ಸರಿಯಲ್ಲ, ಎಷ್ಟಾದರೂ ಅಪ್ಪನ ಆಯಿಯ ತವರು; ಅಣ್ಣನ ಹೆಂಡತಿ ಶೇಂಗಾ ಹೋಳಿಗೆ ಮಾಡಿಕೊಡುತ್ತೇನೆಂದು ಈಗಲೇ ಬೆಲ್ಲ ತರಿಸಿದ್ದಾಳೆ.